ಮಲೆನಾಡಿನ ಮನೆಯಲ್ಲಿ ಆರ್ಕಿಡ್‌ಗೆ ಗೊಬ್ಬರ: ಯಾವುದು, ಎಷ್ಟು, ಯಾವಾಗ

ಗೊಬ್ಬರ ಸಿಗದೆ ಸಾಯುವ ಆರ್ಕಿಡ್ ಬಹಳ ಕಡಿಮೆ. ಗೊಬ್ಬರ ಜಾಸ್ತಿಯಾಗಿ ಸಾಯುವುದೇ ಹೆಚ್ಚು. ನರ್ಸರಿಯಿಂದ ದುಡ್ಡು ಕೊಟ್ಟು ತಂದ ಗಿಡ ಆರು ತಿಂಗಳಾದರೂ ಹೂ ಬಿಡಲಿಲ್ಲ ಅಂತ ಬೇಜಾರಾಗುತ್ತದೆ, ತೋಟಕ್ಕೆ ತಂದಿಟ್ಟ 17:17:17 ಗೊಬ್ಬರದ ಚೀಲ ಮೂಲೆಯಲ್ಲಿ ಕಾಣುತ್ತದೆ, ಒಂದು ಮುಷ್ಟಿ ತೆಗೆದು ಬುಡಕ್ಕೆ ಹಾಕಿಬಿಡುತ್ತೇವೆ. ಸ್ವಲ್ಪ ದಿನಕ್ಕೆ ಬೇರು ಕಪ್ಪಾಗುತ್ತದೆ, ಎಲೆ ಸುಕ್ಕಾಗುತ್ತದೆ. ಏನೋ ರೋಗ ಬಂತು ಅಂತ ಔಷಧಿ ಹುಡುಕಿಕೊಂಡು ಹೋಗುತ್ತೇವೆ. ಅದು ರೋಗ ಅಲ್ಲ, ಗೊಬ್ಬರದ ಉಪ್ಪು.

ಹಾಗಂತ ಗೊಬ್ಬರವೇ ಬೇಡ ಅಂತಲೂ ಅಲ್ಲ. ಇದ್ದಿಲು, ಹೆಂಚಿನ ಚೂರಲ್ಲಿ ಕೂತ ಗಿಡಕ್ಕೆ ಅಲ್ಲಿ ತಿನ್ನಲು ಏನೂ ಇಲ್ಲ. ನಾವು ಕೊಟ್ಟರೆ ಮಾತ್ರ ಉಂಟು. ತೀರಾ ಸ್ವಲ್ಪ ಸ್ವಲ್ಪವೇ, ಗಿಡ ಬೆಳೆಯುತ್ತಿರುವಾಗ ಬಿಡದೆ ಕೊಡಬೇಕು, ಬೆಳೆಯದಿದ್ದಾಗ ಕೈ ಬಿಗಿ ಹಿಡಿಯಬೇಕು. ಇದನ್ನು ನಮ್ಮ ಮಳೆ, ನಮ್ಮ ನೀರು, ನಮ್ಮ ಗೊಬ್ಬರದಂಗಡಿಗೆ ಹೊಂದಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಬೇರು ನೋಡಿ

ಮರದ ಮೇಲೆ ಇರುವುದೆಲ್ಲ ಬಂದಳಿಕೆ ಅಂತ ನಮ್ಮ ಕಡೆ ಎಷ್ಟೋ ಜನ ಅಂದುಕೊಂಡಿದ್ದಾರೆ. ಬಂದಳಿಕೆ ಮರದೊಳಗೆ ಬೇರು ಇಳಿಸಿ ಅದರ ರಸ ಹೀರುತ್ತದೆ. ಮಲೆನಾಡಿನ ಮಾವು, ಹಲಸಿನ ಮರಗಳ ಮೇಲೆ ಮೇ ಜೂನ್ ಹೊತ್ತಿಗೆ ಗೊಂಚಲು ಇಳಿಬಿಡುವ ಸೀತಾಳೆ ಅನ್ನುವ ಆರ್ಕಿಡ್ ಹಾಗಲ್ಲ. ಅದು ಸುಮ್ನೆ ಮರ ಹಿಡಿದು ಕೂತಿದೆ ಅಷ್ಟೇ. ಅದರ ಊಟ ಬರುವುದು ಮಳೆ ನೀರಿನಿಂದ. ಮೇಲಿನ ಎಲೆ, ತೊಗಟೆ, ಹಕ್ಕಿ ಹಿಕ್ಕೆ, ಕೊಂಬೆ ಸಂದಿಯಲ್ಲಿ ಕೊಳೆತ ದರಗು, ಇವನ್ನೆಲ್ಲ ತೊಳೆದುಕೊಂಡು ಇಳಿಯುವ ನೀರಲ್ಲಿ ಇರುವಷ್ಟೇ ಸಾರ. ತುಂಬಾ ತೆಳು. ಅಂಥ ತೆಳು ಊಟಕ್ಕೆ ಒಗ್ಗಿದ ಬೇರು ಅದು.

ಬೇರನ್ನು ಹತ್ತಿರದಿಂದ ನೋಡಿ. ಒಣಗಿದ್ದಾಗ ಬೆಳ್ಳಗೆ, ಬೂದು ಬಣ್ಣಕ್ಕೆ ಇರುತ್ತದೆ. ನಾಲ್ಕು ಹನಿ ನೀರು ಬಿಟ್ಟರೆ ಕಣ್ಣೆದುರೇ ಹಸಿರಾಗುತ್ತದೆ. ಮೇಲಿನ ಬಿಳಿ ಪದರದ ಹೆಸರು ವೆಲಮೆನ್. ಸತ್ತ ಜೀವಕೋಶಗಳ ಟೊಳ್ಳು ಪದರ ಅದು. ಸಿಕ್ಕಿದ ನೀರನ್ನು, ನೀರಲ್ಲಿ ಕರಗಿದ್ದನ್ನು ಥಟ್ಟನೆ ಹೀರಿ ಹಿಡಿದುಕೊಳ್ಳುತ್ತದೆ. ಗೊಬ್ಬರ ತೆಳುವಾಗಿದ್ದರೆ ಇದು ವರ. ಗಟ್ಟಿಯಾಗಿದ್ದರೆ ಆ ಉಪ್ಪೆಲ್ಲ ಬೇರಿಗೆ ಒತ್ತಿಕೊಂಡು ಕೂರುತ್ತದೆ.

ಇನ್ನು ಬೇರಿನ ತುದಿ. ಅಲ್ಲಿ ಅರ್ಧ ಇಂಚಿನಷ್ಟು ಉದ್ದಕ್ಕೆ ಬಿಳಿ ಪದರ ಇನ್ನೂ ಬಂದಿರುವುದಿಲ್ಲ. ಬೆಳೆಯುವ ಗಿಡದಲ್ಲಿ ಆ ತುದಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಕೆಲವು ಜಾತಿಯಲ್ಲಿ ಹಸಿರು, ಕೆಲವದರಲ್ಲಿ ಕೆಂಪು, ನೇರಳೆ. ಆ ಹೊಳೆಯುವ ತುದಿ ಕಂಡರೆ ಗೊಬ್ಬರ ಶುರು ಮಾಡಬಹುದು. ತುದಿಯವರೆಗೂ ಬೆಳ್ಳಗೆ ಮುಚ್ಚಿಕೊಂಡಿದ್ದರೆ ಬೇರು ನಿಂತಿದೆ ಅಂತ ಅರ್ಥ, ಆಗ ಕಡಿಮೆ ಮಾಡಿ. ತುದಿ ಕಪ್ಪಾಗಿ ಮುರುಟಿದ್ದರೆ ಪೂರ್ತಿ ನಿಲ್ಲಿಸಿ. ಕ್ಯಾಲೆಂಡರ್‌ಗಿಂತ ಇದನ್ನು ನಂಬಬಹುದು.

ನಿಮ್ಮ ಹತ್ತಿರ ಇರುವುದು ಯಾವ ಗಿಡ?

ಎಲ್ಲಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಮನೆಗಳಲ್ಲಿ ಜಾಸ್ತಿ ಇರುವುದು ಡೆಂಡ್ರೋಬಿಯಂ. ಕಬ್ಬಿನ ಜಲ್ಲೆ ಥರ ಗೆಣ್ಣುಗೆಣ್ಣಾದ ಕಾಂಡ, ಕೇನ್ ಅಂತಾರೆ. ಇದು ಬೆಳೆಯುವ ಕಾಲದಲ್ಲಿ ಚೆನ್ನಾಗಿ ಉಣ್ಣುತ್ತದೆ. ಅಗಲ ಎಲೆಯ ಫಲಾನೋಪ್ಸಿಸ್‌ಗೆ ಸ್ವಲ್ಪ ಸಾಕು, ಆದರೆ ವರ್ಷದ ಹೆಚ್ಚು ಭಾಗ ಬೇಕು. ಬರಿ ಬೇರು ಇಳಿಬಿಟ್ಟುಕೊಂಡು ಬುಟ್ಟಿಯಲ್ಲಿ ತೂಗುವ ವಂಡಾಕ್ಕೆ ಹಿಡಿದಿಟ್ಟುಕೊಳ್ಳಲು ಮೀಡಿಯಾ (ಕುಂಡಕ್ಕೆ ತುಂಬುವ ಇದ್ದಿಲು, ತೊಗಟೆ ಚೂರು) ಏನೂ ಇಲ್ಲವಲ್ಲ, ಹಾಗಾಗಿ ಪದೇ ಪದೇ ಕೊಡಬೇಕು. ಕ್ಯಾಟ್ಲಿಯಾ, ಆನ್ಸಿಡಿಯಂ ಇವುಗಳ ನಡುವೆ ಎಲ್ಲೋ ಬರುತ್ತವೆ. ತೋಟದ ಮರದಲ್ಲಿ ತಾನಾಗಿ ಬಂದ ಸೀತಾಳೆಗೆ ಏನೂ ಹಾಕದಿದ್ದರೂ ಹೂ ಬರುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಕಾಡಿನಿಂದ ಕಿತ್ತು ತರುವ ಕೆಲಸವಂತೂ ಬೇಡವೇ ಬೇಡ. ಮೀಸಲು ಅರಣ್ಯದಿಂದ ತಂದರೆ ಕಾನೂನಿಗೆ ವಿರುದ್ಧ. ಅದೂ ಸಾಲದು ಅಂತ, ಹಾಗೆ ಕಿತ್ತು ತಂದ ಗಿಡ ಉಳಿಯುವುದೂ ಕಷ್ಟ.

ನೀರಿನ ವಿಷಯ ಮೊದಲು ಇತ್ಯರ್ಥ ಮಾಡಿಕೊಳ್ಳಿ

ಗೊಬ್ಬರ ಕರಗಿಸುವುದು ನೀರಲ್ಲಿ ತಾನೆ, ಅದರಲ್ಲಿ ಮೊದಲೇ ಏನಿದೆ ಅಂತ ತಿಳಿದಿರಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೆರೆದ ಬಾವಿ ನೀರು ಸಾಮಾನ್ಯವಾಗಿ ಮೆದು. ಹಿಡಿದಿಟ್ಟ ಮಳೆ ನೀರಲ್ಲಂತೂ ಲವಣ ಇಲ್ಲವೆಂದೇ ಹೇಳಬೇಕು. ಆರ್ಕಿಡ್‌ಗೆ ಇಂಥ ನೀರು ಬಹಳ ಒಳ್ಳೆಯದು, ಆದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇರುವುದಿಲ್ಲ, ಅವನ್ನು ನಾವೇ ಸೇರಿಸಬೇಕಾಗುತ್ತದೆ. ಬಯಲು ಸೀಮೆಯ ಕಡೆಗೆ ಹೋದ ಹಾಗೆ ಬೋರ್‌ವೆಲ್ ನೀರು ಗಡಸಾಗುವುದು ಜಾಸ್ತಿ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತಾ, ಸೋಪು ನೊರೆ ಬರಲು ಸತಾಯಿಸುತ್ತಾ ನೋಡಿ. ಹೌದಾದರೆ ನಿಮ್ಮ ನೀರಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ, ಮತ್ತೆ ಹಾಕಬೇಡಿ. ಸಾಧ್ಯವಾದರೆ ಮಳೆ ನೀರನ್ನೇ ಅರ್ಧಕ್ಕರ್ಧ ಬೆರೆಸಿ.

ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ, ಪೆನ್ನಿನ ಥರದ ಟಿಡಿಎಸ್ ಮೀಟರ್ ಈಗ ಅಗ್ಗಕ್ಕೆ ಸಿಗುತ್ತದೆ. ಬರಿ ನೀರು 200 ಪಿಪಿಎಂ (ಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ) ಒಳಗಿದ್ದರೆ ನಿಶ್ಚಿಂತೆ. ಗೊಬ್ಬರ ಬೆರೆಸಿದ ಮೇಲೂ 500ರ ಆಸುಪಾಸು ದಾಟದ ಹಾಗೆ ನೋಡಿಕೊಳ್ಳಿ. ಒಂದು ಎಚ್ಚರಿಕೆ: ಯೂರಿಯಾವನ್ನು ಈ ಮೀಟರ್ ಹಿಡಿಯುವುದಿಲ್ಲ. ಹಾಗಾಗಿ ಮೀಟರ್ ಕಡಿಮೆ ತೋರಿಸಿತು ಅಂತ ಗೊಬ್ಬರ ಸುರಿಯಲು ಹೋಗಬೇಡಿ.

ಅಂಗಡಿಯಲ್ಲಿ ಏನು ಕೇಳಬೇಕು

ಆರ್ಕಿಡ್ ಚಿತ್ರ ಹಾಕಿದ ಪುಟ್ಟ ಬಾಟಲಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಂಡಿಲ್ಲ. ಶುಂಠಿ, ಟೊಮೆಟೊ, ಅಡಿಕೆಗೆ ಡ್ರಿಪ್‌ನಲ್ಲಿ ಬಿಡುವ, ನೀರಲ್ಲಿ ಪೂರ್ತಿ ಕರಗುವ ಗೊಬ್ಬರ ಯಾವ ಗೊಬ್ಬರದಂಗಡಿಯಲ್ಲಾದರೂ ಒಂದು ಕಿಲೋ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಅದೇ ಸಾಕು. ಒಂದು ಕಿಲೋ ತಂದರೆ ಹತ್ತಿಪ್ಪತ್ತು ಕುಂಡದವರಿಗೆ ವರ್ಷಗಟ್ಟಲೆ ಬರುತ್ತದೆ, ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಿ.

ಮುಖ್ಯವಾಗಿ ಬೇಕಾದದ್ದು 19:19:19 ಅಥವಾ 20:20:20. ಮೂರು ಅಂಕಿ ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ಎಷ್ಟೆಷ್ಟು ಪಾಲು ಅಂತ. ಪ್ಯಾಕೆಟ್ ಹಿಂದೆ ಸಾರಜನಕ ಯಾವ ರೂಪದಲ್ಲಿದೆ ಅಂತಲೂ ಬರೆದಿರುತ್ತಾರೆ. ನೈಟ್ರೇಟ್ ಪಾಲು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಬೇರಿಗೆ ನೇರವಾಗಿ ಸಿಗುತ್ತದೆ. ಯೂರಿಯಾ ಪೂರ್ತಿ ಬಳಕೆಗೆ ಬರಬೇಕಾದರೆ ಹೆಚ್ಚಾಗಿ ಸೂಕ್ಷ್ಮಜೀವಿಗಳ ಕೈದಾಟಬೇಕು, ತೊಳೆದ ಇದ್ದಿಲಲ್ಲಿ ಮಣ್ಣಿನಲ್ಲಿರುವಷ್ಟು ಸೂಕ್ಷ್ಮಜೀವಿ ಎಲ್ಲಿಂದ ಬರಬೇಕು? ಈ ಕೊರತೆ ತುಂಬಲಿಕ್ಕೂ ಎರಡನೇ ಗೊಬ್ಬರ ಉಪಯೋಗಕ್ಕೆ ಬರುತ್ತದೆ: ಕ್ಯಾಲ್ಸಿಯಂ ನೈಟ್ರೇಟ್. ಅದರಲ್ಲಿ ಸಾರಜನಕ ಸುಮಾರು ಶೇಕಡಾ 15.5, ಅದೂ ಹೆಚ್ಚಿನದು ನೈಟ್ರೇಟ್ ರೂಪದಲ್ಲಿ. ಕ್ಯಾಲ್ಸಿಯಂ ಶೇಕಡಾ 19ರ ಹತ್ತಿರ. ಮೂರನೆಯದು ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್. ನಾಲ್ಕನೆಯದು ಬೇಕಿದ್ದರೆ 13:0:45, ಮಳೆ ಕಳೆದ ಮೇಲೆ ಉಪಯೋಗಕ್ಕೆ. ಸೂಕ್ಷ್ಮ ಪೋಷಕಾಂಶದ ಮಿಶ್ರಣ ಇದ್ದರೆ ತಿಂಗಳಿಗೊಮ್ಮೆ, ಪ್ಯಾಕೆಟ್ ಮೇಲೆ ಹೇಳಿದ್ದರ ಕಾಲು ಭಾಗ.

17:17:17, 10:26:26, ಡಿಎಪಿ, ಯೂರಿಯಾ ಕಾಳು ಇವ್ಯಾವುವೂ ಬೇಡ. ಅವು ಮಣ್ಣಿಗೆ ಮಾಡಿದ್ದು.

ಹೂವಿಗೆ ಅಂತ ಮಾರುವ 0:52:34, 13:40:13 ಬಗ್ಗೆ ಒಂದು ಮಾತು. ರಂಜಕ ಜಾಸ್ತಿ ಕೊಟ್ಟರೆ ಹೂ ಬರುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಆರ್ಕಿಡ್ ಮೊಗ್ಗು ಕಟ್ಟುವುದು ಬೆಳಕು, ತಂಪು, ಕಾಂಡದ ಬಲಿತ ಸ್ಥಿತಿ ಇವುಗಳ ಮೇಲೆ. ರಂಜಕದ ಕೊರತೆ ಇಲ್ಲದ ಗಿಡಕ್ಕೆ ಇನ್ನಷ್ಟು ರಂಜಕ ಹಾಕಿ ಹೂ ಎಳೆದು ತರಲು ಆಗುವುದಿಲ್ಲ. ನೆರಳಲ್ಲಿಟ್ಟ ಡೆಂಡ್ರೋಬಿಯಂಗೆ ಅಂಗಡಿಯಲ್ಲಿರುವ ಎಲ್ಲ ಅಂಕಿಯ ಗೊಬ್ಬರ ಕೊಟ್ಟರೂ ಅದು ಹಸಿರು ಎಲೆ ತೋರಿಸಿಕೊಂಡು ನಿಂತಿರುತ್ತದೆ. ಅದನ್ನು ಬೆಳಗಿನ ಬಿಸಿಲು ಬೀಳುವ ಕಡೆ ಸರಿಸಿ. ಖರ್ಚಿಲ್ಲದ ಗೊಬ್ಬರ ಅದು.

ಅಳತೆ

ಲೀಟರ್‌ಗೆ ಅರ್ಧ ಗ್ರಾಂ. ಇದೊಂದನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಆಯಿತು. 19:19:19ನ್ನು ಹೀಗೆ ಕರಗಿಸಿದರೆ ಲೀಟರ್‌ನಲ್ಲಿ ಸಾರಜನಕ 95 ಮಿಲಿಗ್ರಾಂ ಆಗುತ್ತದೆ, ಮನೆಯ ಗಿಡಕ್ಕೆ ಧಾರಾಳ. ಪ್ಯಾಕೆಟ್ ಮೇಲೆ ಲೀಟರ್‌ಗೆ ಐದು ಗ್ರಾಂ, ಹತ್ತು ಗ್ರಾಂ ಅಂತ ಬರೆದಿದ್ದರೆ ಅದು ತರಕಾರಿ ಬೆಳೆಗೆ ಬರೆದಿದ್ದು, ನಿಮಗಲ್ಲ.

ಚಮಚೆಯಲ್ಲಿ ಹೇಳಬೇಕಾದರೆ, ಟೀ ಚಮಚೆಯನ್ನು ತಲೆ ಸವರಿ ಅಳೆದರೆ ಹೆಚ್ಚುಕಡಿಮೆ ಐದು ಗ್ರಾಂ. ಹತ್ತು ಲೀಟರ್ ಬಕೆಟ್‌ಗೆ ಅಂಥದ್ದೊಂದು. ಗುಡ್ಡೆ ಚಮಚೆ ಅಲ್ಲ, ಗುಡ್ಡೆ ಮಾಡಿದರೆ ಅದು ಒಂದೂವರೆ ಎರಡಾಗುತ್ತದೆ. ನಾಲ್ಕಾರೇ ಕುಂಡ ಇರುವವರಿಗೆ ಹತ್ತು ಲೀಟರ್ ಯಾತಕ್ಕೆ? ಅವರು ಹೀಗೆ ಮಾಡಬಹುದು. 5 ಗ್ರಾಂ ಗೊಬ್ಬರವನ್ನು 100 ಎಂಎಲ್ ನೀರಲ್ಲಿ ಕರಗಿಸಿ ಬಾಟಲಿಗೆ ತುಂಬಿ, ಮೇಲೆ ದೊಡ್ಡದಾಗಿ ಗೊಬ್ಬರ ಅಂತ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ, ಬಿಸಿಲು ತಾಗದ ಕಡೆ ಇಡಿ. ಕೆಮ್ಮಿನ ಔಷಧಿ ಬಾಟಲಿ ಜೊತೆ ಗೆರೆ ಹಾಕಿದ ಅಳತೆ ಮುಚ್ಚಳ ಬರುತ್ತದಲ್ಲ, ಖಾಲಿಯಾದ ಬಾಟಲಿಯ ಮುಚ್ಚಳ ಎತ್ತಿಟ್ಟುಕೊಳ್ಳಿ, ಅದನ್ನು ಮತ್ತೆ ಔಷಧಿಗೆ ಬಳಸಬೇಡಿ. ಅದರಲ್ಲಿ 10 ಎಂಎಲ್ ತೆಗೆದು ಒಂದು ಲೀಟರ್ ನೀರಿಗೆ ಹಾಕಿದರೆ ಸರಿಯಾಗಿ ಅರ್ಧ ಗ್ರಾಂ. ಎರಡು ವಾರದೊಳಗೆ ಮುಗಿಸಿ.

ಗಿಡಕ್ಕೆ ತಕ್ಕ ಹಾಗೆ ಸ್ವಲ್ಪ ಬದಲಾಯಿಸಿಕೊಳ್ಳಿ. ಸಣ್ಣ ಸಸಿಗಳಿಗೆ ಕಾಲು ಗ್ರಾಂ. ಫಲಾನೋಪ್ಸಿಸ್, ಕ್ಯಾಟ್ಲಿಯಾ, ಆನ್ಸಿಡಿಯಂಗೆ ಅರ್ಧ. ಹೊಸ ಕೇನ್ ಭರದಿಂದ ಏರುತ್ತಿರುವ ಡೆಂಡ್ರೋಬಿಯಂಗೆ, ಬೆಳಕು ಚೆನ್ನಾಗಿದ್ದರೆ ಮಾತ್ರ, ಒಂದು ಗ್ರಾಂವರೆಗೂ ಹೋಗಬಹುದು. ವಂಡಾಕ್ಕೆ ಅರ್ಧ ಗ್ರಾಂ, ಆದರೆ ವಾರಕ್ಕೆರಡು ಸಲ.

ಕೊಡುವ ದಿನ ಏನೇನು ಮಾಡಬೇಕು

ಬೆಳಿಗ್ಗೆ ಕೊಡಿ, ಎಂಟು ಒಂಬತ್ತು ಗಂಟೆಯೊಳಗೆ. ಸಂಜೆ ಕೊಟ್ಟರೆ ಎಲೆ ಸಂದಿಯಲ್ಲಿ ನಿಂತ ನೀರು ರಾತ್ರಿಯಿಡೀ ಹಾಗೇ ಇರುತ್ತದೆ, ನಮ್ಮ ಕಡೆಯ ತೇವಕ್ಕೆ ಅದು ಕೊಳೆಯಲು ಅಷ್ಟೇ ಸಾಕು.

ಮೊದಲು ಬರಿ ನೀರು ಹಾಕಿ ಬೇರು ಹಸಿರಾಗಲು ಬಿಡಿ. ಒಂದು ಹತ್ತು ನಿಮಿಷ ಕಳೆದು ಗೊಬ್ಬರದ ನೀರು. ಅರ್ಧ ಗ್ರಾಂ ಅಳತೆಯಲ್ಲೇ ಕೊಡುವವರು ಒಣ ಬೇರಿಗೆ ನೇರ ಕೊಟ್ಟರೂ ದೊಡ್ಡ ಅನಾಹುತ ಇಲ್ಲ. ಆದರೂ ಹೊಸಬರು ಒದ್ದೆ ಮಾಡಿಯೇ ಕೊಡಿ, ಕೈ ಸ್ವಲ್ಪ ಜಾಸ್ತಿಯಾದರೂ ಗಿಡ ಉಳಿಯುತ್ತದೆ.

ಕುಂಡದ ಗಿಡಕ್ಕೆ ಮೇಲಿನಿಂದ ನಿಧಾನವಾಗಿ, ಸುತ್ತಲೂ, ಕೆಳಗಿನ ತೂತಿನಿಂದ ಹರಿದು ಹೋಗುವ ತನಕ ಹಾಕಿ. ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರು ಚೆಲ್ಲಿ. ಫಲಾನೋಪ್ಸಿಸ್‌ನ ನಡುವಿನ ಸುಳಿಯಲ್ಲಿ ನೀರು ನಿಂತಿದ್ದರೆ ಬಟ್ಟೆ ಚೂರೋ ಟಿಶ್ಯೂವೋ ಸುರುಳಿ ಮಾಡಿ ಅದ್ದಿ ತೆಗೆಯಿರಿ. ಸುಳಿ ಕೊಳೆತರೆ ಆ ಗಿಡ ಉಳಿಯುವುದು ಅಪರೂಪ.

ವಂಡಾವನ್ನು ಬಕೆಟ್‌ನಲ್ಲಿ ಬೇರು ಮಾತ್ರ ಮುಳುಗುವ ಹಾಗೆ ಹತ್ತು ಹದಿನೈದು ನಿಮಿಷ ಇಳಿಬಿಡಬಹುದು. ಆದರೆ ಅದೇ ಬಕೆಟ್‌ಗೆ ಒಂದಾದ ಮೇಲೊಂದು ಎಲ್ಲ ಗಿಡ ಅದ್ದಬೇಡಿ. ಒಂದಕ್ಕೆ ರೋಗ ಇದ್ದರೆ ಎಲ್ಲಕ್ಕೂ ಹಂಚಿದ ಹಾಗಾಗುತ್ತದೆ. ಮರಕ್ಕೆ, ಹಲಗೆಗೆ ಕಟ್ಟಿದ ಗಿಡಕ್ಕೆ ಸ್ಪ್ರೇಯರ್‌ನಿಂದ ಬೇರು ತೋಯುವ ತನಕ ಹೊಡೆಯಿರಿ. ಎಲೆಗೆ ಹೊಡೆದರೆ ಸಾಲದಾ ಅಂತ ಕೇಳುತ್ತಾರೆ. ಆರ್ಕಿಡ್ ಎಲೆಯ ಮೇಲೆ ಮೇಣದ ಪದರ ದಪ್ಪ. ಎಲೆ ಹೀರುವುದು ಸ್ವಲ್ಪವೇ, ಹೊಡೆದದ್ದು ಇಳಿದು ಬೇರಿಗೆ ಸಿಕ್ಕಿದರೇ ನಿಜವಾದ ಲಾಭ.

ತಿಂಗಳ ಸುತ್ತು

ಬೆಳೆಯುವ ಕಾಲದಲ್ಲಿ ಹೀಗೆ ಸುತ್ತು ಹಾಕಿಕೊಳ್ಳಿ. ಮೊದಲ ವಾರ 19:19:19 ಅರ್ಧ ಗ್ರಾಂ. ಎರಡನೇ ವಾರ ಕ್ಯಾಲ್ಸಿಯಂ ನೈಟ್ರೇಟ್ ಅರ್ಧ ಗ್ರಾಂ, ಅದೊಂದೇ. ಮೂರನೇ ವಾರ ಮತ್ತೆ 19:19:19, ಜೊತೆಗೆ ಲೀಟರ್‌ಗೆ ಕಾಲು ಗ್ರಾಂ ಎಪ್ಸಮ್ ಸಾಲ್ಟ್. ನಾಲ್ಕನೇ ವಾರ ಗೊಬ್ಬರ ಇಲ್ಲ, ಬರಿ ನೀರನ್ನು ಧಾರಾಳವಾಗಿ ಹರಿಸಿ ಕುಂಡ ತೊಳೆಯುವುದು. ಕುಂಡದ ಗಾತ್ರದ ಎರಡರಷ್ಟು ಮೂರರಷ್ಟು ನೀರು ಹರಿಯಲಿ. ಈ ತೊಳೆಯುವ ವಾರವನ್ನೇ ಜನ ಬಿಟ್ಟುಬಿಡುವುದು, ಉಪ್ಪು ಕಟ್ಟುವುದೂ ಹಾಗೇ.

ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ವಾರಕ್ಕೆ ಇಟ್ಟಿದ್ದು ಸುಮ್ನೆ ಅಲ್ಲ. ಗಟ್ಟಿ ದ್ರಾವಣದಲ್ಲಿ ಅದು 19:19:19ರ ರಂಜಕದ ಜೊತೆಗೋ ಎಪ್ಸಮ್‌ನ ಸಲ್ಫೇಟ್ ಜೊತೆಗೋ ಸೇರಿದರೆ ನೀರು ಮಜ್ಜಿಗೆ ಬಣ್ಣಕ್ಕೆ ತಿರುಗಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಆ ಗಸಿ ಗಿಡಕ್ಕೆ ಸಿಗುವುದಿಲ್ಲ.

ಮಳೆಗಾಲ

ಬೇರೆ ಕಡೆ ಬರೆದ ಗೊಬ್ಬರದ ಪಟ್ಟಿ ನಮ್ಮಲ್ಲಿ ಸೋಲುವುದು ಇಲ್ಲೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆ, ಎರಡು ಲೋಕ. ಹಾಗಾಗಿ ಜೂನ್‌ನಲ್ಲಿ ಇಷ್ಟು ಕೊಡಿ ಅಂತ ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ.

ಆರಿದ್ರಾ ಮಳೆ ಹಿಡಿದ ಮೇಲೆ ಬಯಲಲ್ಲಿ ತೂಗುಹಾಕಿದ ಗಿಡಕ್ಕೆ ಗೊಬ್ಬರ ಹಾಕುವುದು ದುಡ್ಡನ್ನು ಹಳ್ಳಕ್ಕೆ ಬಿಟ್ಟ ಹಾಗೆ. ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತದೆ. ಬದಲಿಗೆ ಗಿಡಗಳನ್ನು ಸೂರಿನ ಕೆಳಗೆ, ಪಾರದರ್ಶಕ ಶೀಟಿನ ಕೆಳಗೆ ತಂದುಕೊಳ್ಳಿ. ಸೂರಿನ ನೀರು ನೇರ ಸುರಿಯುವ ಜಾಗ ಮಾತ್ರ ಬೇಡ, ಆ ಪೆಟ್ಟಿಗೆ ಸುಳಿಯೇ ಮುರಿಯುತ್ತದೆ. ಒಳಗೆ ತಂದರೂ ವಾರವಾರ ಕೊಡುವ ಕಾಲ ಅಲ್ಲ ಇದು. ಬಿಸಿಲಿಲ್ಲ, ಬೇರು ಒಣಗುವುದಿಲ್ಲ, ಬೇರು ಒಣಗದೆ ಕುಡಿಯುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ, ಮಳೆ ಹೊಳವಾಗಿ ಬಿಸಿಲು ಬಿದ್ದ ಬೆಳಿಗ್ಗೆ ನೋಡಿ ಅರ್ಧ ಗ್ರಾಂ ಕೊಟ್ಟರೆ ಆಯಿತು. ಪುನರ್ವಸು, ಪುಷ್ಯದಲ್ಲಿ ಅಂಥ ಬೆಳಿಗ್ಗೆ ಬರಲೇ ಇಲ್ಲವಾ, ಬಿಟ್ಟುಬಿಡಿ. ಗಿಡ ಕೇಳುವುದಿಲ್ಲ.

ಸಾರಜನಕ ಜಾಸ್ತಿ ಕೊಟ್ಟು ಚಿಗುರು ಮೆತ್ತಗಾದರೆ ಈ ಕಾಲದಲ್ಲಿ ಕಪ್ಪು ಕೊಳೆ ಹತ್ತುತ್ತದೆ. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಗುಂಪಿನ ರೋಗಾಣುಗಳೇ ಆರ್ಕಿಡ್‌ಗೂ ಕೊಳೆ ತರುತ್ತವೆ, ತೋಟದ ಮಧ್ಯೆ ಮನೆ ಇದ್ದವರಿಗೆ ಬೇರೆ ಹೇಳಬೇಕಾ? ಹಾಗಂತ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಉಳಿದದ್ದನ್ನು ಇದಕ್ಕೂ ಒಂದು ಕೈ ಹೊಡೆದುಬಿಡೋಣ ಅನ್ನಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಎಷ್ಟೋ ಆರ್ಕಿಡ್‌ಗಳಿಗೆ ಆಗಿಬರುವುದಿಲ್ಲ, ಡೆಂಡ್ರೋಬಿಯಂಗಂತೂ ಎಳೆ ಚಿಗುರು, ಹೂ ಸುಟ್ಟುಹೋಗುತ್ತವೆ. ಮನೆ ಹತ್ತಿರದ ಮರಗಳಿಗೆ ಔಷಧಿ ಹೊಡೆಯುವ ದಿನ ಗಾಳಿಗೆ ತುಂತುರು ಬರದ ಕಡೆ ಗಿಡ ಎತ್ತಿಡಿ.

ಮಳೆ ನೀರಲ್ಲೇ ತೊಯ್ದ ಗಿಡಕ್ಕೆ ಕ್ಯಾಲ್ಸಿಯಂ ಕಡಿಮೆಯಾಗುವುದು ಸಹಜ. ಮಳೆಗಾಲದಲ್ಲಿ ಒಂದೇ ಗೊಬ್ಬರ ಕೊಡುವುದಾದರೆ ನಾನು ಕ್ಯಾಲ್ಸಿಯಂ ನೈಟ್ರೇಟನ್ನೇ ಆರಿಸುತ್ತೇನೆ, ಅದೂ ಅರ್ಧ ಗ್ರಾಂ ಮೀರದ ಹಾಗೆ. ಇನ್ನು ಬೇರಿನ ತುದಿ ರಾತ್ರೋರಾತ್ರಿ ಮಾಯವಾಗಿದ್ದರೆ ಗೊಬ್ಬರವನ್ನು ಬಯ್ಯಬೇಡಿ, ಟಾರ್ಚ್ ಹಿಡಿದು ಬಸವನಹುಳು ಹುಡುಕಿ.

ಮಳೆ ಬಿಟ್ಟ ಮೇಲೆ

ಹಸ್ತ, ಚಿತ್ತಾ ಮಳೆ ಮುಗಿಯುವ ಹೊತ್ತಿಗೆ ಬೆಳಕು ಮರಳುತ್ತದೆ. ಆ ವರ್ಷದ ಕೇನ್ ಬಲಿಯುವ ಕಾಲ ಇದು. ಅಕ್ಟೋಬರ್‌ನಿಂದ 19:19:19 ಜಾಗದಲ್ಲಿ ಒಂದು ವಾರ ಬಿಟ್ಟು ಒಂದು ವಾರ 13:0:45 ಅರ್ಧ ಗ್ರಾಂ ಕೊಡಬಹುದು. ಫಲಾನೋಪ್ಸಿಸ್‌ಗೆ ರಾತ್ರಿಯ ತಂಪು ಕೆಲವು ವಾರ ಸಿಕ್ಕರೆ ಸ್ಪೈಕ್, ಅಂದರೆ ಹೂವಿನ ಕಡ್ಡಿ, ಹೊರಡುತ್ತದೆ, ಮಲೆನಾಡಿನ ನವೆಂಬರ್ ಅದಕ್ಕೆ ಹೇಳಿ ಮಾಡಿಸಿದ್ದು. ಸ್ಪೈಕ್ ಬಂತು ಅಂತ ಗೊಬ್ಬರ ಏರಿಸಬೇಡಿ, ಇದ್ದದ್ದೇ ಇರಲಿ.

ಡೆಂಡ್ರೋಬಿಯಂ ನೋಬೈಲ್ ಇದ್ದವರು ಮಾತ್ರ ಬೇರೆ ದಾರಿ ಹಿಡಿಯಬೇಕು. ಕಾಂಡದುದ್ದಕ್ಕೂ ಗೆಣ್ಣಿನಲ್ಲೇ ಹೂ ಬಿಡುವ ಜಾತಿ ಇದು. ಮಳೆ ಮುಗಿದ ಮೇಲೆ ಇದಕ್ಕೆ ಸಾರಜನಕ ಪೂರ್ತಿ ನಿಲ್ಲಿಸಿ, ನೀರೂ ಕಾಂಡ ಸುಕ್ಕಾಗದಷ್ಟೇ ಕೊಟ್ಟು, ತಂಪಲ್ಲಿ ಬಿಡಬೇಕು. ಪ್ರೀತಿಯಿಂದ ಗೊಬ್ಬರ ಹಾಕುತ್ತಾ ಹೋದರೆ ಹೂ ಬರಬೇಕಾದ ಗೆಣ್ಣಲ್ಲಿ ಮರಿ ಗಿಡ ಹುಟ್ಟುತ್ತದೆ. ಕೀಕಿ ಅಂತಾರೆ ಅದಕ್ಕೆ. ಎಲೆ ಉದುರಿದರೂ ಹೆದರಬೇಡಿ. ಮೊಗ್ಗು ಸ್ಪಷ್ಟವಾಗಿ ಕಂಡ ಮೇಲೆ ನೀರು, ಹೊಸ ಚಿಗುರಿನ ಬುಡದಿಂದ ಬೇರು ಹೊರಟ ಮೇಲೆ ಗೊಬ್ಬರ.

ಫೆಬ್ರವರಿ ದಾಟಿದರೆ ಮತ್ತೆ ವಾರದ ಸುತ್ತು. ಏಪ್ರಿಲ್ ಮೇ ಬಿಸಿಲಲ್ಲಿ ದಿನಾ ನೀರು ಬೇಕಾಗುತ್ತದೆ. ನೀರು ಬೇಗ ಆರುವ ಕಾಲದಲ್ಲಿ ಉಪ್ಪೂ ಬೇಗ ಕಟ್ಟುತ್ತದೆ, ನಾಲ್ಕನೇ ವಾರದ ತೊಳೆತ ತಪ್ಪಿಸಬೇಡಿ.

ಸಗಣಿ ನೀರು, ಗಂಜಳ, ಅಕ್ಕಚ್ಚು

ಮನೆಯಲ್ಲಿ ದನ ಇದೆ, ಅಂಗಡಿ ಗೊಬ್ಬರ ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಕ್ಕದ ಮನೆ ಅಕ್ಕ ನನ್ನ ಹತ್ತಿರ ಕೇಳಿದ್ದೂ ಇದನ್ನೇ: "ಅಲ್ಲ ಮಾರಾಯ್ರೆ, ಗುಲಾಬಿಗೆ ಆಗೋದು ಇದಕ್ಕೆ ಯಾಕೆ ಆಗಲ್ಲ?" ಗುಲಾಬಿ ಇರುವುದು ಮಣ್ಣಲ್ಲಿ. ಸಗಣಿ ಕರಗಿ ಗಿಡಕ್ಕೆ ಸಿಗುವ ಹಾಗೆ ಮಾಡಲು ಅಲ್ಲಿ ಬೇಕಾದಷ್ಟು ಜೀವಿಗಳಿವೆ. ಇದ್ದಿಲು, ತೊಗಟೆಯ ಸಂದಿಯಲ್ಲಿ ಅದೇ ಸಗಣಿ ಕೆಸರಿನ ಹಾಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ, ಬೇರು ಉಸಿರುಗಟ್ಟುತ್ತದೆ.

ಗಂಜಳ ಬಳಸಬಹುದು. ಒಂದು ಪಾಲಿಗೆ ಕಡಿಮೆ ಅಂದರೂ ಮೂವತ್ತು ಪಾಲು ನೀರು, ತಿಂಗಳಿಗೆ ಒಂದೆರಡು ಸಲ, ಬೆಳೆಯುವ ಕಾಲದಲ್ಲಿ ಮಾತ್ರ. ಸಾರಜನಕ, ಪೊಟ್ಯಾಷ್ ಅದರಲ್ಲಿದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಎರೆಗೊಬ್ಬರದ ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ, ಹಾಲು ಹಾಕದ ಚಹಾದ ಬಣ್ಣಕ್ಕೆ ಬರುವಷ್ಟು ತೆಳುಮಾಡಿ ಕೊಡಬಹುದು. ಕಡಲೆಕಾಯಿ ಹಿಂಡಿ ನೆನೆಸಿ ಕೊಳೆಸಿದ ನೀರನ್ನೂ ಕೆಲವರು ಚೆನ್ನಾಗಿ ಬಳಸುತ್ತಾರೆ, ಮೇಲಿನ ತಿಳಿ ಮಾತ್ರ. ವಾಸನೆಗೆ ಜಗಲಿಯಲ್ಲಿ ಕೂರಲು ಆಗುವುದಿಲ್ಲ ಅನ್ನುವುದು ಬೇರೆ ಮಾತು.

ಅಕ್ಕಚ್ಚನ್ನು ದನಕ್ಕೇ ಕೊಡಿ. ಅದರ ಪಿಷ್ಟ ಮೀಡಿಯಾದಲ್ಲಿ ಹುಳಿ ಬಂದು ಬೂಸ್ಟು ಹಿಡಿಯುತ್ತದೆ. ಬೆಲ್ಲ ಬಿದ್ದ ಜೀವಾಮೃತಕ್ಕೆ ಇರುವೆ ಬರುತ್ತದೆ. ಬಾಳೆಹಣ್ಣಿನ ಸಿಪ್ಪೆ ನೀರು, ಮೊಟ್ಟೆ ಚಿಪ್ಪು ಇವೆಲ್ಲ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತವೆ ಅಷ್ಟೇ. ಬಚ್ಚಲೊಲೆಯ ಬೂದಿ ಕ್ಷಾರ, ಸ್ವಲ್ಪ ಹುಳಿ ಕಡೆಗಿರುವ ನೀರು ಬಯಸುವ ಗಿಡಕ್ಕೆ ಅದು ತಕ್ಕುದಲ್ಲ. ಅದೇ ಒಲೆಯ ಇದ್ದಿಲನ್ನು ಬೂದಿ ಹೋಗುವ ತನಕ ತೊಳೆದು ಮೀಡಿಯಾಕ್ಕೆ ಬಳಸಬಹುದು. ತೆಂಗಿನ ಸಿಪ್ಪೆ ಚೂರು ಬಳಸುವವರು ಅದನ್ನು ಹಲವು ದಿನ ನೆನೆಸಿ, ಕಂದು ನೀರು ಬಿಡುವುದು ನಿಲ್ಲುವ ತನಕ ನೀರು ಬದಲಾಯಿಸಿ, ಇಲ್ಲದಿದ್ದರೆ ಅದರಲ್ಲೇ ಉಪ್ಪಿರುತ್ತದೆ.

ಎಲೆ, ಬೇರು ನೋಡಿ ತಿಳಿಯುವುದು

ಹಳೆ ಎಲೆಗಳು ಒಟ್ಟಿಗೆ ಹಳದಿಯಾಗಿ, ಹೊಸ ಕೇನ್ ಹಿಂದಿನ ವರ್ಷದ್ದಕ್ಕಿಂತ ಗಿಡ್ಡ, ತೆಳ್ಳಗೆ ಬಂದರೆ ಊಟ ಸಾಲುತ್ತಿಲ್ಲ. ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ತಿರುಗಿದರೆ ಮೆಗ್ನೀಸಿಯಂ ಕಡಿಮೆ. ಹೊಸ ಎಲೆ ಹುಟ್ಟುವಾಗಲೇ ತುದಿ ಕಪ್ಪಾಗಿ ಒಣಗಿದರೆ ಕ್ಯಾಲ್ಸಿಯಂ ನೆನಪಿಸಿಕೊಳ್ಳಿ, ಕ್ಯಾಟ್ಲಿಯಾದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎಲೆ ಕಡು ಹಸಿರು, ಉದ್ದ, ಜೋತುಬಿದ್ದಿದೆ, ಹೂವಿನ ಸುಳಿವಿಲ್ಲ ಅಂದರೆ ಸಾರಜನಕ ಜಾಸ್ತಿ ಅಥವಾ ಬೆಳಕು ಕಡಿಮೆ. ಬಹಳ ಸಲ ಎರಡೂ. ಫಲಾನೋಪ್ಸಿಸ್‌ನ ತೀರಾ ಕೆಳಗಿನ ಒಂದು ಎಲೆ ನಿಧಾನವಾಗಿ ಹಣ್ಣಾಗಿ ಉದುರಿದರೆ ಅದು ವಯಸ್ಸು, ಏನೂ ಮಾಡಬೇಕಾಗಿಲ್ಲ.

ಬೇರಿನ ತುದಿ ಕಪ್ಪು, ಎಲೆ ತುದಿ ಕಂದು, ಕುಂಡದ ಅಂಚಿನಲ್ಲಿ, ಇದ್ದಿಲ ಮೇಲೆ ಬಿಳಿ ಪುಡಿ. ಮೂರೂ ಒಟ್ಟಿಗೆ ಕಂಡರೆ ಗೊಬ್ಬರ ಹೆಚ್ಚಾಗಿದೆ. ಆಗ ಮೊದಲು ಕಾಳು ಗೀಳು ಏನಾದರೂ ಹಾಕಿದ್ದರೆ ಹೆಕ್ಕಿ ತೆಗೆಯಿರಿ. ಮೆದು ನೀರನ್ನು ಕುಂಡದ ಮೂಲಕ ಐದಾರು ನಿಮಿಷ ಹರಿಸಿ, ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಹರಿಸಿ. ಮೂರು ನಾಲ್ಕು ದಿನ ಬಿಟ್ಟು ಇನ್ನೊಂದು ಸಲ. ಮೀಡಿಯಾ ಹಳೆಯದಾಗಿ ಪುಡಿಯಾಗಿದ್ದರೆ ತೊಳೆಯುವುದರಿಂದ ಪ್ರಯೋಜನ ಇಲ್ಲ, ಹೊಸದಕ್ಕೆ ಬದಲಾಯಿಸಿ, ಸತ್ತ ಬೇರು ಕತ್ತರಿಸಿ. ಹೊಸ ತುದಿ ಹೊಳೆಯುವ ತನಕ ಗೊಬ್ಬರದ ಡಬ್ಬಿ ಮುಟ್ಟಬೇಡಿ.

ಯಾವಾಗ ಬೇಡ

ಕುಂಡ ಬದಲಾಯಿಸಿದ ಮೇಲೆ ಎರಡು ಮೂರು ವಾರ ಬೇಡ. ಬೇರು ಕೊಳೆತ ಗಿಡಕ್ಕೆ ಬೇಡ. ಹೀರಲು ಬೇರೇ ಇಲ್ಲದ ಗಿಡಕ್ಕೆ ಟಾನಿಕ್ ಕೊಟ್ಟು ಏನು ಬಂತು? ನರ್ಸರಿಯಿಂದ ಹೂ ಸಮೇತ ತಂದ ಗಿಡಕ್ಕೆ ಹೂ ಮುಗಿಯುವ ತನಕ ಬರಿ ನೀರು ಸಾಕು. ಅವರು ಮೀಡಿಯಾದಲ್ಲಿ ನಿಧಾನ ಕರಗುವ ಕಾಳು ಹಾಕಿರುವುದೂ ಉಂಟು, ಹಳದಿ, ಕಂದು ಬಣ್ಣದ ಸಣ್ಣ ಗುಂಡುಗಳು ಕಂಡರೆ ಅದೇ. ಬಿಸಿಲಿಗೆ ಅವು ಬೇಗ ಕರಗುತ್ತವೆ. ಅದಿದ್ದರೆ ನಿಮ್ಮ ಅಳತೆಯನ್ನು ಅರ್ಧಕ್ಕೆ ಇಳಿಸಿ.

ಉಳಿದ ಗೊಬ್ಬರ ಇಡುವುದನ್ನೂ ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ಅಡುಗೆಮನೆಯ ಉಪ್ಪೇ ನೀರಾಗುವ ಊರು ನಮ್ಮದು. ಕ್ಯಾಲ್ಸಿಯಂ ನೈಟ್ರೇಟ್ ಪ್ಯಾಕೆಟನ್ನು ಬಾಯಿ ಮಡಚಿ ಇಟ್ಟರೆ ಕೆಲವೇ ದಿನಕ್ಕೆ ಒಳಗೆ ಪಾಯಸ. ಮೇ ತಿಂಗಳಲ್ಲೇ, ಬಿಸಿಲಿರುವಾಗಲೇ, ಬಿಗಿ ಮುಚ್ಚಳದ ಒಣ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಹೆಸರು ಬರೆದು, ಮುಚ್ಚಳದ ಸುತ್ತ ಟೇಪ್ ಸುತ್ತಿಡಿ. ಚಮಚೆಯನ್ನು ಡಬ್ಬಿಯೊಳಗೆ ಬಿಡಬೇಡಿ, ಒದ್ದೆ ಕೈಯಲ್ಲಿ ತೆಗೆಯಬೇಡಿ. ಗಟ್ಟಿ ಕಟ್ಟಿದ 19:19:19ನ್ನು ಎಸೆಯಬೇಕಿಲ್ಲ, ಕುಟ್ಟಿ ಪುಡಿ ಮಾಡಿ ಚಮಚೆ ಬಿಟ್ಟು ತಕ್ಕಡಿಯಲ್ಲಿ ತೂಗಿ ಬಳಸಿ. ನೀರಾಗಿಹೋದ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಮಾತ್ರ ಎಷ್ಟಕ್ಕೆ ಎಷ್ಟಿದೆ ಅಂತ ಲೆಕ್ಕ ಸಿಗುವುದಿಲ್ಲ. ಅದನ್ನು ಚೆನ್ನಾಗಿ ತೆಳುಮಾಡಿ ತೆಂಗಿನ ಬುಡಕ್ಕೆ ಹಾಕಿ.